ಹಾಲು ಬಿಟ್ಟ ತಿಂಗಳ ಗುಳಿಗೆ

ಹೊಸಪೇಟೆಗೆ ಅಂಟಿದ ಚಿತ್ತವಾಡ್ಗಿಯ ಕೃಷ್ಣಾಬಾಯಿಯವರಿಗೆ ಬೆಳಗಾಗುತ್ತಿದ್ದುದೇ ತುಳಸಿಯ ಎಲೆ ತೊಳೆಯುವುದರಿಂದ. ಹಿಂದೆಲ್ಲ ಗಿಡದ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿದರೆ ಮುಗಿಯುತ್ತಿತ್ತು. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯತೊಡಗಿದ ಮೇಲೆ ಹೊಸಪೇಟೆಯ ಕೆಂಪು ಧೂಳು ದೇವರ ಗಿಡವನ್ನೂ ಬಿಡಲಿಲ್ಲ. ಒಂದೊಂದೇ ಎಲೆಯನ್ನು ಬೆರಳಿನಿಂದ ಉಜ್ಜಿ ತೊಳೆಯುತ್ತ ಗಣಿಯವರ ವಂಶವನ್ನೆಲ್ಲ ಬೈದು ಮುಗಿಸಿ, ಅದೇ ಉಸಿರಿನಲ್ಲಿ ಸ್ತೋತ್ರಕ್ಕೆ ಇಳಿಯುತ್ತಿದ್ದರು. ಬೈಗುಳ ಎಲ್ಲಿ ಮುಗಿಯಿತು, ಸ್ತೋತ್ರ ಎಲ್ಲಿ ಶುರುವಾಯಿತು ಎಂದು ಓಣಿಯವರಿಗೆ ತಿಳಿಯುತ್ತಿರಲಿಲ್ಲ.

ತಮಾಷೆಯೆಂದರೆ ಅವರ ಒಲೆ ಉರಿಯುತ್ತಿದ್ದುದೂ ಆ ಗಣಿಯಿಂದಲೇ. ಗಂಡ ಕಮಲಾಕರರಾಯರು ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಯಲ್ಲಿ ದಿನಗೂಲಿಯ ಕಾರಕೂನರಾಗಿದ್ದವರು, ಕೆಲಸ ಕಾಯಂ ಆಗುವ ಮೊದಲೇ ತೀರಿಕೊಂಡರು. ಪಿಂಚಣಿ ಇಲ್ಲ, ಮಕ್ಕಳಿಲ್ಲ. ಗಣಿ ಕಂಪನಿಗಳ ಕಚೇರಿಗೆ ಬಂದು ಸೇರಿದ ಹುಡುಗರು ನಾಲ್ಕಾರು ಮಂದಿ ಕೃಷ್ಣಾಬಾಯಿಯವರ ಕೈಯಡುಗೆಯ ಡಬ್ಬಿ ಒಯ್ಯುತ್ತಿದ್ದರು. ಡಬ್ಬಿಯಿಂದ ಬಂದದ್ದನ್ನು ಮನೆ ಬಾಡಿಗೆ ನುಂಗುತ್ತಿತ್ತು, ಯಾಕೆಂದರೆ ಊರಿಗೆ ಗಣಿ ಬಂದಂತೆ ಬಾಡಿಗೆಗೂ ರೆಕ್ಕೆ ಬಂದಿತ್ತು.

ಮಡಿಯ ವಿಷಯದಲ್ಲಿ ಅವರು ಭಾರೀ ಬಿಗಿ. ಹೊರಗೆ ಹೋದರೆ ಮನೆಯಿಂದ ಒಯ್ದ ತಂಬಿಗೆಯದಲ್ಲದೆ ಬೇರೆ ಹನಿ ನೀರು ಮುಟ್ಟುವವರಲ್ಲ. ಏಕಾದಶಿ ಎಂದರೆ ಉಗುಳು ನುಂಗುವುದಕ್ಕೂ ಯೋಚಿಸುವವರು. ಚಾತುರ್ಮಾಸ್ಯದ ನಾಲ್ಕು ತಿಂಗಳಂತೂ ಕೇಳುವುದೇ ಬೇಡ. ಮೊದಲ ತಿಂಗಳು ಕಾಯಿಪಲ್ಲೆ ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ಕೊನೆಯದರಲ್ಲಿ ಬೇಳೆಕಾಳು. ಈ ಲೆಕ್ಕ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತಿದ್ದವಳು ಸೊಪ್ಪಿನ ಚೆನ್ನಬಸಮ್ಮ.

ಚೆನ್ನಬಸಮ್ಮ ಬುಕ್ಕಸಾಗರದ ಕಡೆಯವಳು. ಹರೆಯದಲ್ಲಿ ಭತ್ತದ ಗದ್ದೆಯಲ್ಲಿ ನಾಟಿ ಮಾಡಿ, ಗಂಡ ಹೋದ ಮೇಲೆ ಚಿತ್ತವಾಡ್ಗಿಗೆ ಬಂದು, ತಲೆಯ ಮೇಲೆ ಬುಟ್ಟಿ ಹೊತ್ತು ಸೊಪ್ಪು ಮಾರುತ್ತ ಒಬ್ಬಳೇ ಮಗಳು ಲಲಿತಾಳನ್ನು ಕಂಪ್ಲಿಗೆ ಕೊಟ್ಟವಳು. ಕಾಯಿಪಲ್ಲೆ ಬಿಡುವ ತಿಂಗಳು ಬಂತೆಂದರೆ ಆಚಾರವಂತರ ಓಣಿಯಲ್ಲಿ ಅವಳ ಬುಟ್ಟಿಗೆ ಗಿರಾಕಿ ಇಲ್ಲ. ಆದರೂ ದಿನಾ ಬಂದು ಕೃಷ್ಣಾಬಾಯಿಯವರ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೇ ಹೋಗುವಳು. ಆ ತಿಂಗಳು ತಾನೂ ಸೊಪ್ಪು ಬಾಯಿಗೆ ಇಡುತ್ತಿರಲಿಲ್ಲ.

"ನಿನಗ್ಯಾಕವ್ವ ಈ ವ್ರತಾ? ನಿನಗ ಯಾರೂ ಹೇಳಿಲ್ಲಲ್ಲ," ಎಂದು ಕೃಷ್ಣಾಬಾಯಿ ನಗುತ್ತಿದ್ದರು.

"ಬಾಯಾರು ದೇವರಿಗಂತ ಬಿಟ್ಟದ್ದು ನಾ ಹ್ಯಾಂಗ ತಿನ್ನಲ್ರಿ? ಗಂಟಲದಾಗ ಇಳಿಯಂಗಿಲ್ಲ," ಎನ್ನುವಳು ಚೆನ್ನಬಸಮ್ಮ. ಕೃಷ್ಣಾಬಾಯಿಯವರನ್ನು ಅವಳು ಕರೆಯುತ್ತಿದ್ದುದೇ ಬಾಯಾರು ಎಂದು.

ಇದು ಅವಳ ಹುಚ್ಚು ಎಂದುಕೊಂಡು ಕೃಷ್ಣಾಬಾಯಿ ಮರೆತುಬಿಟ್ಟಿದ್ದರು.

ಇಬ್ಬರಿಗೂ ಬಿ.ಪಿ. ಇತ್ತು. ಕೃಷ್ಣಾಬಾಯಿಯವರಿಗೆ ಆಗಾಗ ತಲೆ ಗಿಮ್ಮೆನ್ನುತ್ತಿತ್ತು, ಅಷ್ಟೇ. ಚೆನ್ನಬಸಮ್ಮ ಮಾತ್ರ ಹಿಂದೊಮ್ಮೆ ಬಾಯಿ ಸೊಟ್ಟಗಾಗಿ, ಎಡಗೈ ಬಿದ್ದುಹೋಗಿ, ದೇವರ ದಯೆಯಿಂದ ಮತ್ತೆ ಎದ್ದು ಕೂತಿದ್ದಳು. "ಇನ್ನ ಒಂದ ದಿನಾನೂ ಗುಳಿಗಿ ತಪ್ಪಿಸಬ್ಯಾಡ್ರಿ. ಮತ್ತ ಹಿಂಗಾದ್ರ ನನ್ನ ಕೈಲೆ ಆಗಂಗಿಲ್ಲ," ಎಂದು ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಆ ಮಾತು ಚೆನ್ನಬಸಮ್ಮನಿಗಿಂತ ಹೆಚ್ಚಾಗಿ ಕೃಷ್ಣಾಬಾಯಿಯವರ ಎದೆಯಲ್ಲಿ ನಾಟಿತ್ತು.

ಪುಣ್ಯಕ್ಕೆ ವಯಸ್ಸಾದವರಿಗೆ ಸರ್ಕಾರಿ ದವಾಖಾನೆಯಲ್ಲಿ ಈ ಗುಳಿಗೆ ಪುಕ್ಕಟೆ ಸಿಗುತ್ತಿತ್ತು. ತಿಂಗಳಿಗೊಮ್ಮೆ ಇಬ್ಬರೂ ಒಂದೇ ಆಟೋದಲ್ಲಿ ಹೋಗಿ, ಕಾಗದದ ಪೊಟ್ಟಣದಲ್ಲಿ ತಿಂಗಳಿಗಾಗುವಷ್ಟು ಗುಳಿಗೆ ತರುತ್ತಿದ್ದರು. ಸರ್ಕಾರದಿಂದ ತಮಗೆ ಬಂದದ್ದು ಅದೊಂದೇ ಆದ್ದರಿಂದ ಕೃಷ್ಣಾಬಾಯಿ ಆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಪಕ್ಕದಲ್ಲಿಡುತ್ತಿದ್ದರು. ದವಾಖಾನೆಯಲ್ಲಿ ಔಷಧ ಕೊಡುತ್ತಿದ್ದ ವಿದ್ಯಾಧೀಶ ಹಂಪಿ ಕಡೆಯ ಪೂಜಾರಿ ಮನೆತನದ ಹುಡುಗ. ಹೆಸರಿಗೆ ತಕ್ಕ ವಿದ್ಯೆ ಇದೆಯೋ ಇಲ್ಲವೋ, ತಾಳ್ಮೆ ಮಾತ್ರ ಬೇಕಾದಷ್ಟಿತ್ತು.

ಆ ವರ್ಷ ಮೂರನೆಯ ತಿಂಗಳಲ್ಲಿ, ಅಂದರೆ ಹಾಲು ಬಿಡುವ ತಿಂಗಳಲ್ಲಿ, ಗುಳಿಗೆಗೆ ಬರ ಬಂತು. ಗಣಿ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ಜನರಿಂದ ಊರು ತುಂಬಿತ್ತು, ದವಾಖಾನೆಗೆ ಬರುವ ಔಷಧ ಮಾತ್ರ ಮೊದಲಿನಷ್ಟೇ. ವಿದ್ಯಾಧೀಶ ಎಲ್ಲರಿಗೂ ಅರ್ಧ ತಿಂಗಳಿನಷ್ಟೇ ಕೊಟ್ಟು, "ಉಳಿದದ್ದು ಹೊರಗ ತಗೋರಿ," ಎಂದು ತಲೆ ತಗ್ಗಿಸಿದ. ಹೊರಗಿನ ಅಂಗಡಿಯಲ್ಲಿ ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ.

ಆಟೋದಲ್ಲಿ ಕೂತ ಕೃಷ್ಣಾಬಾಯಿ ದಾರಿಯುದ್ದಕ್ಕೂ ಗೆಳತಿಯ ಎಡಗೈಯನ್ನೇ ನೋಡಿದರು. ಅರ್ಧ ತಿಂಗಳ ಮೇಲೆ ಈ ಕೈಗೆ ಏನು ಗತಿ? ಅರ್ಧ ಮತ್ತು ಅರ್ಧ ಸೇರಿದರೆ ಒಬ್ಬರಿಗೆ ಪೂರಾ ಆಗುತ್ತದೆ. ಆದರೆ ಸುಮ್ಮನೆ ಕೊಟ್ಟರೆ ಇವಳು ತೆಗೆದುಕೊಳ್ಳುವ ಪೈಕಿ ಅಲ್ಲ. ಮನೆ ಮುಂದೆ ಇಳಿಯುವ ಹೊತ್ತಿಗೆ ಅವರು ಜೀವಮಾನದಲ್ಲೇ ಹೇಳದಂಥ ಸುಳ್ಳೊಂದನ್ನು ಹೊಸೆದು ಮುಗಿಸಿದ್ದರು.

"ಇದನ್ನೂ ನೀನ ಇಟಗೊ, ಚೆನ್ನವ್ವ. ನನಗ ಈ ತಿಂಗಳ ಬ್ಯಾಡ."

"ಯಾಕ್ರಿ ಬಾಯಾರ?"

"ಹಾಲಿನ ವ್ರತಾ ಅಲ್ಲೇನು? ಈ ಬಿಳೀ ಗುಳಿಗಿ ಹಾಲಿನ ಪುಡಿಯೊಳಗ ಕಲಸಿ ಮಾಡಿರತಾರ. ನಾ ಮುಟ್ಟೂ ಹಂಗಿಲ್ಲ. ಬಿಟ್ಟೀನಿ."

ಚೆನ್ನಬಸಮ್ಮ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳ ಕಣ್ಣಿನಲ್ಲಿ ಸಂಶಯದ ಸುಳಿವೂ ಇರಲಿಲ್ಲ. ಸೊಪ್ಪು ಬಿಡುವವರು, ಮೊಸರು ಬಿಡುವವರು ಗುಳಿಗೆ ಬಿಟ್ಟರೆ ಆಶ್ಚರ್ಯವೇನು? ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಕೃಷ್ಣಾಬಾಯಿಯವರಿಗೆ ಅಂದು ಸಂಜೆ ಒಳಗೊಳಗೇ ಚುರುಕ್ ಎಂದಿತು. ಚೆನ್ನಬಸಮ್ಮ ತಿಂಗಳು ಪೂರ್ತಿ ನೆಟ್ಟಗಿರುತ್ತಾಳೆ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ತಿಂಗಳ ಮೊದಲರ್ಧ ಚೆನ್ನಬಸಮ್ಮನಿಗೆ ಚೆನ್ನಾಗಿಯೇ ಕಳೆಯಿತು. ಕೃಷ್ಣಾಬಾಯಿಯವರಿಗೆ ಮಾತ್ರ ಒಲೆ ಮುಂದೆ ಕೂತರೆ ಗೋಡೆ ತಿರುಗಿದಂತಾಗುತ್ತಿತ್ತು. ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಒಂದಿಷ್ಟು ಹೊತ್ತು ಗೋಡೆಗೆ ಒರಗುವರು. ಯಾರಿಗೂ ಹೇಳಲಿಲ್ಲ. ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಊರ ಸುದ್ದಿಯನ್ನೆಲ್ಲ ಹರಡುವ ಚೆನ್ನಬಸಮ್ಮನನ್ನು ನೋಡಿದರೆ ಸಾಕು, ತಲೆಸುತ್ತು ಅರ್ಧ ಕಡಿಮೆಯಾಗುತ್ತಿತ್ತು.

ಅರ್ಧ ತಿಂಗಳು ದಾಟಿದ ಮೇಲೆ ಒಂದು ಬೆಳಿಗ್ಗೆ ಕೃಷ್ಣಾಬಾಯಿ ತುಳಸಿ ತೊಳೆಯುತ್ತಿದ್ದಾಗ ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿದರೆ ಚೆನ್ನಬಸಮ್ಮನ ಬುಟ್ಟಿ ನೆಲದ ಮೇಲಿತ್ತು, ಮೆಂತ್ಯದ ಸಿವುಡುಗಳು ಧೂಳಿನಲ್ಲಿ ಚೆಲ್ಲಿದ್ದವು. ಅವಳು ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

"ಏನಿಲ್ಲ ಬಾ...ಯಾರ," ಎಂದಳು. ನಾಲಿಗೆ ಎಳೆಯುತ್ತಿತ್ತು.

ಹೆದರಿಕೆಯಾದಾಗ ಕೃಷ್ಣಾಬಾಯಿಯವರಿಗೆ ಬರುವುದು ಅಳುವಲ್ಲ, ಸಿಟ್ಟು. ಒದ್ದೆ ಮಡಿಸೀರೆಯಲ್ಲೇ ಓಣಿಗೆ ಓಡಿ ಆಟೋ ನಿಲ್ಲಿಸಿದರು, ಗೆಳತಿಯನ್ನು ತೋಳು ಹಿಡಿದು ಹತ್ತಿಸಿದರು. ಮೈಲಿಗೆಯ ನೆನಪಾಗಲಿಲ್ಲ. ಮನೆಯಿಂದ ನೀರಿನ ತಂಬಿಗೆ ತರುವ ನೆನಪೂ ಆಗಲಿಲ್ಲ.

ಡಾಕ್ಟರಮ್ಮ ಚೆನ್ನಬಸಮ್ಮನನ್ನು ಒಳಗೆ ಮಲಗಿಸಿದ್ದೇ ತಡ, ಕೃಷ್ಣಾಬಾಯಿ ಔಷಧದ ಕಿಟಕಿಗೆ ಬಂದು ನಿಂತರು.

"ಏನ್ ಗುಳಿಗಿ ಕೊಡ್ತೀಯೋ ನೀ? ಸುಣ್ಣಾ ಉಂಡಿ ಕಟ್ಟಿ ಕೊಡ್ತೀಯೇನು? ದಿನಾ ನುಂಗ್ಯಾಳ ಆಕಿ, ಒಂದ್ ದಿನಾ ತಪ್ಪಿಸಿಲ್ಲ. ಮುದುಕರಿಗೆ ಪುಕ್ಕಟಿ ಕೊಡೂದಂದ್ರ ಏನ್ ಕೊಟ್ರೂ ನಡೀತದಂತ ತಿಳದೀಯೇನು?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿದ್ಯಾಧೀಶ ಎದ್ದು ಹೊರಗೆ ಬಂದ. "ಅಜ್ಜಿ, ಮೊದಲ ಕೂಡ್ರಿ. ನೀವ ನಡಗಾಕ ಹತ್ತೀರಿ," ಎಂದು ಅವರನ್ನು ಒಳಗೆ ಕರೆದೊಯ್ದು, ಗೆಳತಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ.

ಡಾಕ್ಟರಮ್ಮ ಅವರ ತೋಳಿಗೂ ಬಿ.ಪಿ. ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು.

"ಈಕಿದೂ ಏರೇತಿ, ನಿಮ್ಮದೂ ಏರೇತಿ. ಇಬ್ಬರೂ ಗುಳಿಗಿ ನುಂಗಿಲ್ಲ. ಯಾವಾಗಿಂದ ಬಿಟ್ಟೀರಿ?"

"ನಂದು ಬಿಡ್ರಿ. ಆಕಿ ನುಂಗ್ಯಾಳ," ಎಂದರು ಕೃಷ್ಣಾಬಾಯಿ.

ಮಲಗಿದ್ದ ಚೆನ್ನಬಸಮ್ಮ ಬಲಗೈಯಿಂದ ಸೆರಗಿನ ಗಂಟು ತಡಕಿದಳು. ಬಿಚ್ಚಲು ಬರಲಿಲ್ಲ. ವಿದ್ಯಾಧೀಶ ಬಿಚ್ಚಿಕೊಟ್ಟ. ಒಳಗೆ ಕೃಷ್ಣಾಬಾಯಿಯವರು ಕೊಟ್ಟ ಪೊಟ್ಟಣವಿತ್ತು. ಅರಿಶಿನದ ದಾರ ಸುತ್ತಿದ್ದಳು. ಒಂದು ಗುಳಿಗೆಯೂ ಖರ್ಚಾಗಿರಲಿಲ್ಲ.

"ನಂದು ಇರೂತನಕ ನುಂಗಿನಿರಿ," ಎಂದಳು, ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ತರುತ್ತ. "ಇದು ಬಾಯಾರದು. ದೇವರಿಗಂತ ಬಿಟ್ಟದ್ದು. ನಾ ಹ್ಯಾಂಗ ನುಂಗಲಿ? ಹಾಲಿನ ತಿಂಗಳ ಮುಗದ ಮ್ಯಾಲ ಅವರಿಗೇ ಬೇಕಾಗತೈತೆಂತ... ಕಟ್ಟಿ ಇಟ್ಟಿದ್ದೆ."

ಡಾಕ್ಟರಮ್ಮ ಏನೂ ಅರ್ಥವಾಗದೆ ವಿದ್ಯಾಧೀಶನ ಮುಖ ನೋಡಿದರು. ಅವನಿಗೆ ಅರ್ಥವಾಗಿತ್ತು.

"ಅಜ್ಜಿ," ಎಂದ ಮೆಲ್ಲಗೆ, "ನಮ್ಮವ್ವನೂ ನಾಕೂ ತಿಂಗಳ ವ್ರತಾ ಹಿಡೀತಾಳ. ಗುಳಿಗಿ ಬಿಡಂಗಿಲ್ಲ. ಔಷಧಕ್ಕ ವ್ರತಾ ಇಲ್ಲಂತ ನಿಮಗ ಗೊತ್ತಿಲ್ಲೇನು?"

ಚೆನ್ನಬಸಮ್ಮ ಕೃಷ್ಣಾಬಾಯಿಯವರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿಲ್ಲ, ಏನೋ ಕೇಳಬೇಕು, ಆದರೆ ಕೇಳಿದರೆ ಬಾಯಾರಿಗೆ ನೋವಾದೀತು ಎಂಬ ಹಿಂಜರಿಕೆ. ಅದನ್ನು ನೋಡಲಾರದೆ ಕೃಷ್ಣಾಬಾಯಿಯವರ ಕಣ್ಣು ತುಂಬಿ ಬಂತು.

"ಗೊತ್ತಿತ್ತು," ಎಂದರು. "ಸುಳ್ಳ ಹೇಳಿದ್ನೆವ್ವ ಚೆನ್ನಿ. ಸುಮ್ಮನ ಕೊಟ್ರ ನೀ ಇಸಗೋತಿದ್ದಿಲ್ಲ. ನಿನ್ನ ಉಳಸ್ಬೇಕಂತ ದೇವರ ಹೆಸರ ತಗೊಂಡು ನಿನ್ನ ಬಾಯಿಗೆ ಬೀಗಾ ಹಾಕಿದೆ."

ಚೆನ್ನಬಸಮ್ಮ ಸೊಟ್ಟ ಬಾಯಿಯಲ್ಲೇ ನಗಲು ನೋಡಿದಳು. "ಹಂಗಾದ್ರ ನನ್ನ ಸಲುವಾಗಿ ನುಂಗದ ಇದ್ರೇನ್ರಿ? ಇಷ್ಟ ದಿನಾ?"

ತನ್ನ ಕೈ ಬಿದ್ದದ್ದು ಅವಳಿಗೆ ನೆನಪಿರಲಿಲ್ಲ, ಬಾಯಾರು ಗುಳಿಗೆ ನುಂಗಿಲ್ಲ ಎನ್ನುವುದೇ ಚಿಂತೆ. ಪೊಟ್ಟಣದಿಂದ ಒಂದು ಗುಳಿಗೆ ತೆಗೆದು ಮುಂದೆ ಹಿಡಿದಳು. ಕೃಷ್ಣಾಬಾಯಿ ಅದನ್ನು ತೆಗೆದುಕೊಂಡು ನೀರಿಗಾಗಿ ಸುತ್ತ ನೋಡಿದರು. ತಂಬಿಗೆ ಮನೆಯಲ್ಲೇ ಉಳಿದಿತ್ತು. ಚೆನ್ನಬಸಮ್ಮನ ತಲೆಯ ಬಳಿ ಅವಳು ಸೊಂಟಕ್ಕೆ ಕಟ್ಟಿಕೊಂಡೇ ತಿರುಗುವ, ನೀರು ತುಂಬಿದ ಹಳೆಯ ತಂಪು ಪಾನೀಯದ ಬಾಟಲಿ ಇತ್ತು, ಮುಚ್ಚಳದ ಸುತ್ತ ಕೆಂಪು ಧೂಳು ಮೆತ್ತಿತ್ತು.

"ಅದು ನಮ್ಮ ನೀರು ಬಾಯಾರ," ಎಂದಳು ಗಾಬರಿಯಿಂದ.

"ಮತ್ತ ಯಾರದಿರಬೇಕು?" ಎಂದು ಕೃಷ್ಣಾಬಾಯಿ ಬಾಟಲಿ ಎತ್ತಿ, ಗುಳಿಗೆ ಬಾಯಿಗೆ ಹಾಕಿಕೊಂಡು, ಗಟಗಟ ಕುಡಿದರು.

ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಚೆನ್ನಬಸಮ್ಮನ ಎಡಗೈ ಮೆಲ್ಲಗೆ ಹಿಡಿತಕ್ಕೆ ಬಂತು, ಬುಟ್ಟಿ ಹೊರುವುದು ಮಾತ್ರ ನಿಂತಿತು. ಮುಂದಿನ ತಿಂಗಳ ಹೊತ್ತಿಗೆ ದವಾಖಾನೆಗೆ ಔಷಧ ಬಂತು, ವಿದ್ಯಾಧೀಶ ಇಬ್ಬರಿಗೂ ಪೂರಾ ಪೊಟ್ಟಣ ಕಟ್ಟಿಕೊಟ್ಟ. ಆದರೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಗಿತ್ತು. ದಿನಾ ಬೆಳಿಗ್ಗೆ ತುಳಸಿಕಟ್ಟೆಯ ಮುಂದೆ ನಿಂತು ಗುಳಿಗೆ ನುಂಗಬೇಕು, ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ಇದು ಹೊಸ ಕಟ್ಟಳೆ. ಓಣಿಯಲ್ಲಿ ಹೋಗುವ ಲಾರಿಯವರು ವೇಗ ಕಡಿಮೆ ಮಾಡಿ, ಪರಸ್ಪರ ನಾಲಿಗೆ ಚಾಚಿ ನಿಂತ ಇಬ್ಬರು ಮುದುಕಿಯರನ್ನು ಬೆರಗಾಗಿ ನೋಡುತ್ತಿದ್ದರು.

ಈ ಕಟ್ಟಳೆ ಬಂದ ಮೇಲಿನ ಮೊದಲ ಏಕಾದಶಿಯ ದಿನ ಚೆನ್ನಬಸಮ್ಮ ಬಂದವಳು ಬಾಗಿಲಲ್ಲೇ ನಿಂತಳು. ಇವತ್ತು ಬಾಯಾರು ಹನಿ ನೀರೂ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕೃಷ್ಣಾಬಾಯಿ ಆಗಲೇ ತೊಳೆದ ತುಳಸಿಯ ಮುಂದೆ ಕೂತಿದ್ದರು. ಗುಳಿಗೆ ಅಂಗೈಯಲ್ಲಿತ್ತು, ಪಕ್ಕದಲ್ಲಿ ಒಂದು ಲೋಟ ನೀರು.

"ಬಾ, ನಿನ್ನ ದಾರಿನ ಕಾಯ್ತಿದ್ದೆ," ಎಂದರು. ನುಂಗಿ, ನೀರು ಕುಡಿದು, ಅವಳ ಕಡೆ ತಿರುಗಿ ನಾಲಿಗೆ ಚಾಚಿದರು.