ಮಂಗಳವಾರದ ಸಬೂಬು, ಲಕ್ಷ್ಮಕ್ಕನ ಪ್ರಶ್ನೆ

ಹಾಸನದ ದತ್ತಿ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ಬೆಳಗಿನ ಬೆಳಕು ಮೊದಲು ಬೀಳುವುದು ಮೂಲೆಯ ಕಿಟಕಿಯ ಮೇಲೆ. ಆ ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ಅಲ್ಲಿ ನಿಂತಿರುತ್ತಾರೆ. ಹೊರಗಿನ ಬೇವಿನ ಮರದ ಹಿಂದೆ ಸೂರ್ಯ ಕಂಡೊಡನೆ ಕೈಮುಗಿದು, ತುಟಿಯೊಳಗೇ ಏನನ್ನೋ ಹೇಳಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಅಲ್ಲಿಗೆ ಪೂಜೆ ಮುಗಿಯುತ್ತದೆ, ಕೆಲಸ ಶುರುವಾಗುತ್ತದೆ. ಎರಡರ ನಡುವೆ ಹೆಚ್ಚು ಅಂತರ ಇದ್ದಂತೆ ಕಾಣುವುದಿಲ್ಲ.

ಈ ಸೋಮವಾರ ಅವರ ಆರೈಕೆಯಲ್ಲಿರುವವರು ತಮ್ಮಯ್ಯ, ಅರಕಲಗೂಡು ಕಡೆಯ ಹೊಗೆಸೊಪ್ಪಿನ ರೈತ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಬ್ಯಾರನ್ನಿನೊಳಗೆ ಮೇಲಕ್ಕೆ ಹತ್ತಿದ್ದಾಗ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು. ಆಪರೇಷನ್ ಆಗಿದೆ, ಒಳಗೆ ರಾಡು ಕೂತಿದೆ. ಚಿಕ್ಕಲಕ್ಷ್ಮಮ್ಮ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಅವರ ಮುಖ ಒರೆಸುತ್ತಾರೆ.

“ತಮ್ಮಣ್ಣಾ, ಮೀಸೆ ಬಾಚ್ಲಾ? ಡಾಕ್ಟ್ರು ಬರೋ ಹೊತ್ತು.”

“ಬುಡು ತಂಗಿ, ಮಲಗಿರೋನ ಮೀಸೆ ಯಾರ್ ನೋಡ್ತಾರೆ.”

“ಅಂಗಾರೆ ಎದ್ದು ನಿಂತ್ಕೋ. ನೋಡೋರು ನೋಡ್ಲಿ.”

ವಾಕರ್ ಹಿಡಿದು ತಮ್ಮಯ್ಯ ಎದ್ದು ನಿಲ್ಲುತ್ತಾರೆ. ಮರುಗಳಿಗೆಗೆ ಮುಖ ಬಿಳಿಚಿಕೊಳ್ಳುತ್ತದೆ, ಹಣೆಯಲ್ಲಿ ಬೆವರು ಒಡೆಯುತ್ತದೆ. ಚಿಕ್ಕಲಕ್ಷ್ಮಮ್ಮ ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ಮಂಚಕ್ಕೆ ಕೂರಿಸುತ್ತಾರೆ. “ಕಣ್ಣು ಕತ್ಲೆ ಬಂತಾ? ನಿನ್ನೇನೂ ಇಂಗೇ ಆಯ್ತು. ಇದನ್ನ ಡಾಕ್ಟ್ರುಗೆ ಯೋಳು.” ತಮ್ಮಯ್ಯ ‘ಊಂ’ ಎನ್ನುತ್ತಾರೆ. ಆ ‘ಊಂ’ ಎಷ್ಟು ಗಟ್ಟಿ ಎಂಬುದು ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ.

ವಾರ್ಡಿನವರೆಲ್ಲ ಚಿಕ್ಕಲಕ್ಷ್ಮಮ್ಮನವರನ್ನು ಕರೆಯುವುದು ಲಕ್ಷ್ಮಕ್ಕ ಎಂದು. ದೊಡ್ಡಗದ್ದವಳ್ಳಿಯ ಪಕ್ಕದ ಊರಿನವರು. ಆಸ್ಪತ್ರೆಯ ನೌಕರರಲ್ಲ, ನರ್ಸೂ ಅಲ್ಲ. ಮನೆಯವರು ಹಗಲೂ ರಾತ್ರಿ ಬಂದು ಕೂರಲಾಗದ ರೋಗಿಗಳ ಪಕ್ಕದಲ್ಲಿ ಇದ್ದು, ಎತ್ತಿ ಕೂರಿಸಿ, ಉಣ್ಣಿಸಿ, ಮೈ ಒರೆಸಿ ನೋಡಿಕೊಳ್ಳುವುದು ಅವರ ಕೆಲಸ. ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ, ಶುಂಠಿ ಕೀಳುವ ಕಾಲದಲ್ಲಿ ಅವರಿಗೆ ಬಿಡುವೇ ಇರುವುದಿಲ್ಲ. ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಮನೆಯಲ್ಲಿ ಯಾರು ಬಿದ್ದರೂ ಒಬ್ಬರು ಆ ಬೆಂಕಿಯ ಮುಂದೆ ಕೂತೇ ಇರಬೇಕು. ತಮ್ಮಯ್ಯನವರ ಮಗ ಮೋಹನ್‌ಕುಮಾರ್ ಈಗ ಕೂತಿರುವುದೂ ಅಲ್ಲೇ. ಆಸ್ಪತ್ರೆಗೆ ಓಡಾಡುತ್ತಿರುವವರು ಸೊಸೆ ಮೇಘಶ್ರೀ.

ಈ ಕೆಲಸವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಅತ್ತೆ ಬಚ್ಚಲಲ್ಲಿ ಬಿದ್ದು, ಆಸ್ಪತ್ರೆಯಿಂದ ಬೇಗನೆ ಮನೆಗೆ ಬಂದಾಗ ಎತ್ತುವುದಕ್ಕೆ ಇದ್ದವರು ಲಕ್ಷ್ಮಕ್ಕ ಒಬ್ಬರೇ. “ಮಂಚ್ದಿಂದ ಎತ್ತಾಕೆ ಬರ್ದೆ ಅತ್ತೇನೂ ಅತ್ರು, ನಾನೂ ಅತ್ತೆ. ಆಮ್ಯಾಕೆ ಇಬ್ರೂ ಕಲ್ತ್ವಿ. ಅವ್ರು ನನ್ನ ಕತ್ತು ಇಡ್ಕೊಳೋದ ಕಲ್ತ್ರು, ನಾನು ಮೊಣಕಾಲು ಮಡ್ಸೋದ ಕಲ್ತೆ,” ಎನ್ನುತ್ತಾರೆ. ಅತ್ತೆ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಮನೆಯ ಹಿಂದಿನ ಕಕ್ಕಸಿಗೆ ಹೋಗುವ ದಾರಿ ಅವರ ಪಾಲಿಗೆ ಮುಚ್ಚಿಹೋಗಿತ್ತು. ಅಂದಿನಿಂದ ಯಾವ ರೋಗಿ ಸಿಕ್ಕರೂ, ಹೆಸರು ಕೇಳುವ ಮೊದಲೇ ಲಕ್ಷ್ಮಕ್ಕ ಕೇಳುವ ಪ್ರಶ್ನೆ ಒಂದೇ: “ನಿಮ್ಮನೇಲಿ ಕಕ್ಕಸು ಎಲ್ಲೈತೆ?”

ಕೆಲವರು ನಗುತ್ತಾರೆ. ಕೆಲವರು ಮುಖ ಕಿವುಚುತ್ತಾರೆ. ಮೇಘಶ್ರೀ ಮೊದಲ ದಿನವೇ ನೇರವಾಗಿ ಉತ್ತರ ಕೊಟ್ಟಿದ್ದರು: “ಇತ್ಲಲ್ಲಿ ಐತೆ ಲಕ್ಷ್ಮಕ್ಕ. ಜಗಲಿ ಇಳ್ದು, ಕೊಟ್ಟಿಗೆ ಬಳಸ್ಕೊಂಡು ಓಗ್ಬೇಕು.”

ಡಾಕ್ಟರು ರೌಂಡ್ಸಿಗೆ ಬರುವ ಮುನ್ನ ವಾರ್ಡಿನಲ್ಲಿ ಗಂಟೆ ಬಾರಿಸುತ್ತಾರೆ. ಮನೆಯವರಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಹೊರಗೆ ಹೋಗಬೇಕೆಂಬುದು ಇಲ್ಲಿಯ ನಿಯಮ. ರೋಗಿಯ ಪಕ್ಕದಲ್ಲಿ ದಿನವಿಡೀ ಇರುವ ಲಕ್ಷ್ಮಕ್ಕನಂಥವರು ಆ ಗಳಿಗೆಯಲ್ಲಿ ಪಡಸಾಲೆಯ ಬೆಂಚಿನ ಮೇಲಿರುತ್ತಾರೆ. ಬಾಗಿಲಿನ ಗಾಜಿನಲ್ಲಿ ಒಳಗಿನವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ.

ಒಳಗೆ ನಡೆಯುವುದು ಇಷ್ಟು. ಡಾ. ರಜನೀಶ್ ಹೊಲಿಗೆ ನೋಡುತ್ತಾರೆ, ಎಕ್ಸ್‌ರೇ ನೋಡುತ್ತಾರೆ, ಕಾಲಿನ ಬೆರಳು ಆಡಿಸಲು ಹೇಳುತ್ತಾರೆ. ಎಲ್ಲವೂ ಸರಿಯಾಗಿದೆ. “ಹೇಗಿದ್ದೀರಿ ತಮ್ಮಯ್ಯ?” ಎಂದು ಕೇಳುತ್ತಾರೆ. ಮಲಗಿದ್ದಲ್ಲೇ ತಮ್ಮಯ್ಯ ಎರಡೂ ಕೈ ಜೋಡಿಸುತ್ತಾರೆ.

“ಚೆನ್ನಾಗಿದೀನಿ ಸಾ. ನಿಮ್ ದಯ.”

“ಗುಡ್. ನಾಳೆ ಡಿಸ್ಚಾರ್ಜ್ ಮಾಡೋಣ.”

ಪಕ್ಕದಲ್ಲಿ ನಿಂತ ಮೇಘಶ್ರೀ ಮನೆಯ ಸ್ಥಿತಿಯನ್ನು ನೆನೆಯುತ್ತಾರೆ. ಮಾವನಿಗೆ ನಿಂತರೆ ಕಣ್ಣು ಕತ್ತಲೆ, ಜಗಲಿಯ ಮೆಟ್ಟಿಲು, ಬ್ಯಾರನ್ನಿನ ಮುಂದೆ ಗಂಡ, ಎತ್ತಲು ತಾನೊಬ್ಬಳೇ. ಇಷ್ಟೂ ನಾಲಿಗೆಯ ತುದಿಗೆ ಬರುತ್ತದೆ. ಆದರೆ ಜೀವ ಉಳಿಸಿದ ಡಾಕ್ಟರಿಗೆ ಎದುರು ಮಾತಾಡುವುದು ಹೇಗೆ? ಈ ಸೀಮೆಯಲ್ಲಿ ದೊಡ್ಡವರಿಗೆ ‘ಆಗುವುದಿಲ್ಲ’ ಎನ್ನಬೇಕಾದಾಗ ಜನ ಪಂಚಾಂಗದ ಮೊರೆ ಹೋಗುತ್ತಾರೆ. ಮೇಘಶ್ರೀಯೂ ಹಾಗೇ ಮಾಡುತ್ತಾರೆ.

“ನಾಳೆ ಮಂಗ್ಳವಾರ ಸಾ. ಕಾಯಿಲೆಯವ್ರನ್ನ ಮನೆಗೆ ಕರ್ಕೊಂಡೋಗಕಿಲ್ಲ.”

ಡಾಕ್ಟರಿಗೆ ಇದು ಹೊಸತಲ್ಲ. ಅವರು ಸಿಡುಕುವುದಿಲ್ಲ, ಹಂಗಿಸುವುದಿಲ್ಲ. ಅವರ ನಂಬಿಕೆ ನಡೆಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ, “ಹಾಗಾದ್ರೆ ಇವತ್ತೇ ಹೊರಡಿ ಅಮ್ಮ, ಸಂಜೆಯೊಳಗೆ ಊರು ಸೇರ್ತೀರಿ,” ಎಂದು ನರ್ಸ್ ನೀಲಾಂಬಿಕೆಯವರ ಕಡೆ ತಿರುಗಿ ಬರೆಯಲು ಹೇಳಿ ಮುಂದಿನ ಮಂಚಕ್ಕೆ ನಡೆಯುತ್ತಾರೆ. ಒಂದು ದಿನ ಮುಂದಕ್ಕೆ ಹೋಗಲೆಂದು ಆಡಿದ ಮಾತು ಒಂದು ದಿನ ಹಿಂದಕ್ಕೆ ತಂದುಬಿಟ್ಟಿದೆ.

ಹೊರಗೆ ಬಂದ ಮೇಘಶ್ರೀಯ ಮುಖ ನೋಡಿಯೇ ಲಕ್ಷ್ಮಕ್ಕನಿಗೆ ಅರ್ಥವಾಗುತ್ತದೆ. “ಮಂಗ್ಳವಾರ ಅಂದ್ಯಾ?” ಎನ್ನುತ್ತಾರೆ. ಮೇಘಶ್ರೀ ತಲೆ ತಗ್ಗಿಸುತ್ತಾರೆ.

“ಅಲ್ಲ ಕಣವ್ವಾ, ದ್ಯಾವ್ರನ್ನ ನೆನೆಯಾಕೆ ಕರೀಬೇಕು, ಸಬೂಬಿಗೆ ಕರೀಬಾರ್ದು. ನಾನೂ ಮಂಗ್ಳವಾರ ನೋಡೋಳೆ. ಆದ್ರೆ ನಿನ್ ಭಯ ಮಂಗ್ಳವಾರದ್ದಲ್ವಲ್ಲ. ಬುಧವಾರ ಕಳಿಸಿದ್ರೆ ನಿಮ್ ಜಗಲಿ ತಗ್ಗಾಯ್ತದಾ?”

“ಡಾಕ್ಟ್ರು ಬೈದ್ರೆ? ನಾಳೆ ಮತ್ತೆ ಇಲ್ಗೇ ಬರ್ಬೇಕಲ್ಲ ಲಕ್ಷ್ಮಕ್ಕ.”

“ಬೈದ್ರೆ ಬೈಸ್ಕೋ. ಮಾವ ಬಿದ್ರೆ ನಿಂಗೆ ಬೈಯೋರು ಯಾರೂ ಇರಕಿಲ್ಲ, ನೀನೇ ಬೈಕೊಂಡ್ ಕೂರ್ಬೇಕು.”

ಇಬ್ಬರೂ ನೀಲಾಂಬಿಕೆಯವರ ಮೇಜಿನ ಮುಂದೆ ನಿಲ್ಲುತ್ತಾರೆ. ಡಾಕ್ಟರನ್ನು ಇನ್ನೊಮ್ಮೆ ಕಾಣಬೇಕು ಎಂದು ಮೇಘಶ್ರೀ ಕೇಳುತ್ತಾರೆ. ನೀಲಾಂಬಿಕೆ ಪೆನ್ನು ಕೆಳಗಿಡುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಈ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಮೂಳೆ ವಾರ್ಡು ಒಂದೇ. ಚನ್ನರಾಯಪಟ್ಟಣದಿಂದ ಬಂದ ಹೆಂಗಸೊಬ್ಬರು ತೊಡೆಯ ಮೂಳೆ ಮುರಿದುಕೊಂಡು ಬೆಳಗ್ಗೆಯಿಂದ ಕೆಳಗೆ ಸ್ಟ್ರೆಚರ್ ಮೇಲೆ ಮಲಗಿದ್ದಾರೆ. “ಅವ್ರಿಗೂ ಮಂಚ ಬೇಕಲ್ವಾ ಲಕ್ಷ್ಮಕ್ಕ? ನಾನೆಲ್ಲಿಂದ ತರ್ಲಿ?” ಎಂದು ಕೇಳುತ್ತಾರೆ.

ಲಕ್ಷ್ಮಕ್ಕ ಮೇಘಶ್ರೀಯನ್ನು ಮುಂದಕ್ಕೆ ತಂದು ನಿಲ್ಲಿಸುತ್ತಾರೆ. “ಬೇಕು ತಾಯಿ. ಬ್ಯಾಡ ಅನ್ನಕಿಲ್ಲ. ಇವ್ಳು ಏನೋ ಯೋಳ್ಬೇಕಂತೆ, ಅದೊಂದ ಕೇಳಿಸ್ಕೊಂಡ್ಬುಡಿ. ಆಮ್ಯಾಕೆ ಓಗು ಅಂದ್ರೆ ಓಯ್ತಾರೆ.”

ನೀಲಾಂಬಿಕೆ ಫೋನ್ ಎತ್ತುತ್ತಾರೆ. ಹೊರರೋಗಿಗಳನ್ನು ನೋಡಿ ಮುಗಿಸಿ ಬರುತ್ತೇನೆಂದು ಡಾಕ್ಟರು ಹೇಳುತ್ತಾರೆ. ಅಲ್ಲಿಯವರೆಗೆ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳುವುದಿಲ್ಲ.

ಲಕ್ಷ್ಮಕ್ಕ ಯಾವಾಗಲೂ ‘ಇನ್ನಷ್ಟು ದಿನ ಇರಲಿ’ ಎನ್ನುವವರೇ ಎಂದುಕೊಂಡರೆ ತಪ್ಪು. ಕಾಯುವ ಹೊತ್ತಿನಲ್ಲಿ ಅವರು ಜಿನನಾಥಪುರದ ಮರುದೇವಿ ಎಂಬ ಹಿರಿಯರ ಕಥೆ ಹೇಳುತ್ತಾರೆ. ಅವರನ್ನು ಮನೆಗೆ ಕಳಿಸುವುದು ಬೇಡವೆಂದು ಮಗ ಶ್ರೇಯಾಂಸ್ ಪಟ್ಟು ಹಿಡಿದಿದ್ದರು, ಲಕ್ಷ್ಮಕ್ಕನೂ ದನಿಗೂಡಿಸಿದ್ದರು. ಡಾ. ರಜನೀಶ್ ಮಾತ್ರ, ‘ಇವರು ಉಣ್ಣುತ್ತಿದ್ದಾರಾ?’ ಎಂದು ಕೇಳಿದರು. ಆಸ್ಪತ್ರೆಯ ಊಟದ ಗಾಡಿ ಬರುವುದು ದೀಪ ಹಚ್ಚಿದ ಮೇಲೆ. ಜೈನರಾದ ಮರುದೇವಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಅದನ್ನು ಬಾಯಿಬಿಟ್ಟು ಹೇಳಿದವರೂ ಅಲ್ಲ. “ಮನೆಗೋಗಿ ಹೊತ್ತಿಗ್ ಸರ್ಯಾಗಿ ಉಂಡು ಗಟ್ಯಾದ್ರು ಕಣ. ಅವತ್ತು ಡಾಕ್ಟ್ರೇ ಸರಿ. ನಾನು ಕಕ್ಕಸು ಕೇಳಿದ್ದೆ, ಊಟ ಕೇಳಿರ್ಲಿಲ್ಲ,” ಎಂದು ಲಕ್ಷ್ಮಕ್ಕ ನಗುತ್ತಾರೆ. ಈಗ ಎರಡೂ ಕೇಳುತ್ತಾರೆ.

ಮಧ್ಯಾಹ್ನ ಡಾಕ್ಟರು ಬರುತ್ತಾರೆ. ಇದು ರೌಂಡ್ಸ್ ಅಲ್ಲವಾದ್ದರಿಂದ ಲಕ್ಷ್ಮಕ್ಕನನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಆದರೂ ಅವರು ಗೋಡೆಗೆ ಆತು ಸುಮ್ಮನೆ ನಿಲ್ಲುತ್ತಾರೆ. ಮಾತಾಡಬೇಕಾದವರು ಮೇಘಶ್ರೀ. ಒಮ್ಮೆ ಶುರು ಮಾಡಿದ ಮೇಲೆ ಅವರು ನಿಲ್ಲಿಸುವುದಿಲ್ಲ.

“ಸಾ, ಮಂಗ್ಳವಾರ ಅಂದಿದ್ದು ಸುಳ್ಳು. ನಂಗೆ ಭಯ ಸಾ. ಮಾವ ಎದ್ದು ನಿಂತ್ರೆ ಕಣ್ಣು ಕತ್ಲೆ ಬತ್ತದೆ. ಮನ್ಲಿ ಜಗಲಿ ಎತ್ರ, ಕಕ್ಕಸು ಇತ್ಲಲ್ಲಿ. ನಮ್ಮನೆಯವ್ರು ಬ್ಯಾರನ್ ಬುಟ್ಟು ಬರಂಗಿಲ್ಲ. ಬಿದ್ರೆ ನಾನೊಬ್ಳೇ ಎತ್ತಾಕಾಗಲ್ಲ ಸಾ.”

ಡಾ. ರಜನೀಶ್ ತಮ್ಮಯ್ಯನವರ ಕಡೆ ತಿರುಗುತ್ತಾರೆ. “ಹೌದಾ ತಮ್ಮಯ್ಯ? ಬೆಳಗ್ಗೆ ಚೆನ್ನಾಗಿದೀನಿ ಅಂದ್ರಲ್ಲ?”

“ನೀವು ಇಷ್ಟೆಲ್ಲ ಮಾಡಿದ್ರಿ ಸಾ. ಅದ್ರ ಮ್ಯಾಲೂ ನೋವು ಅಂತ ಯೋಳಿದ್ರೆ, ನಿಮ್ ಕೆಲ್ಸಕ್ಕೆ ಎಸ್ರು ಇಟ್ಟಂಗಾಯ್ತದಲ್ಲ ಅಂತ...”

ಡಾಕ್ಟರು ನಗುವುದಿಲ್ಲ. ಮಲಗಿದ್ದಾಗ ರಕ್ತದೊತ್ತಡ ನೋಡಿಸುತ್ತಾರೆ, ನಿಲ್ಲಿಸಿ ಇನ್ನೊಮ್ಮೆ ನೋಡಿಸುತ್ತಾರೆ. ನಿಂತೊಡನೆ ಅದು ಇಳಿಯುತ್ತಿದೆ. ತಮ್ಮಯ್ಯನವರ ಕಾಲುಗಳು ನಡುಗುವಾಗ ಆ ಪಕ್ಕ ಹಿಡಿದವರು ಡಾಕ್ಟರು, ಈ ಪಕ್ಕ ಹಿಡಿದವರು ಲಕ್ಷ್ಮಕ್ಕ. ಮಾತ್ರೆ ಬದಲಾಗುತ್ತದೆ, ರಕ್ತ ಪರೀಕ್ಷೆಗೆ ಹೋಗುತ್ತದೆ. “ಮಲಗಿಸಿ ನೋಡಿದ್ರೆ ಇವರ ಕಾಲು ಸರಿಯಿದೆ. ನಿಲ್ಲಿಸಿ ನಾನೇ ನೋಡ್ಬೇಕಿತ್ತು,” ಎನ್ನುತ್ತಾರೆ ಡಾಕ್ಟರು. “ತಲೆಸುತ್ತು ನಿಂತು, ಮೆಟ್ಟಿಲು ಹತ್ತೋದು ಕಲಿತ ಮೇಲೆ ಹೋಗ್ಲಿ. ಅಷ್ಟರಲ್ಲಿ ಕೂತುಕೊಳ್ಳೋ ಕಮೋಡ್ ಕುರ್ಚಿ ಒಂದು ಮನೆಗೆ ತಂದಿಡಿ.”

ಮೇಘಶ್ರೀ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ. ಆದರೆ ಕೆಳಗೆ ಸ್ಟ್ರೆಚರ್ ಮೇಲಿರುವ ಹೆಂಗಸು? ಅದಕ್ಕೆ ದಾರಿ ಸಿಕ್ಕಿದ್ದು ಕಿಟಕಿಯ ಪಕ್ಕದ ಮಂಚದಲ್ಲಿ. ಅಲ್ಲಿರುವ ಹೊಳೆನರಸೀಪುರದ ಚಲುವಯ್ಯ ಆಗಲೇ ಪಡಸಾಲೆಯ ತುದಿಯವರೆಗೂ ಓಡಾಡುತ್ತಾರೆ. ಕಳಿಸುತ್ತೇವೆ ಎಂದರೆ ಅವರದೂ ಮಂಗಳವಾರದ ತಕರಾರು: ಇವತ್ತು ಸಂಜೆ ಹೊರಟರೆ ತಡವಾಗುತ್ತದೆ, ನಾಳೆ ಮಂಗಳವಾರ, ಬುಧವಾರವೇ ಸರಿ.

ನೀಲಾಂಬಿಕೆ ಹೇಳಿದರೂ ಅವರು ಅಲ್ಲಾಡುವುದಿಲ್ಲ. ಲಕ್ಷ್ಮಕ್ಕ ಮಂಚದ ಬಳಿ ಹೋಗಿ ಕೂರುತ್ತಾರೆ.

“ಯಾಕಣ್ಣಾ, ಇಲ್ಲಿ ಇಡ್ಲಿ ಅಷ್ಟು ರುಚಿಯಾಗೈತಾ?”

“ಇಡ್ಲಿಯಂತೆ ಇಡ್ಲಿ! ಗೋಡೆಗೆ ಎಸುದ್ರೆ ಗೋಡೇನೆ ಒಡೀತದೆ.”

“ಅಂಗಾರೆ ಓಗಿ ಮುದ್ದೆ ಉಣ್ಣು. ಕೆಳಗೊಬ್ಳು ತಾಯಿ ಬೆಳಗ್ಗಿಂದ ಅಳ್ತಾ ಮಲಗವ್ಳೆ. ಇವತ್ತು ಸೋಮವಾರ, ಶಿವನ ದಿನ. ನಿನ್ ಮಂಚ ಅವ್ಳಿಗೆ ಕೊಟ್ರೆ, ಅದೇ ಪೂಜೆ ಕಣ.”

ಚಲುವಯ್ಯ ಮಂಚದಿಂದ ಇಳಿಯುತ್ತಾರೆ. ನಂತರ ಚೀಲಕ್ಕೆ ಪಂಚೆ ತುರುಕಲು ಶುರು ಮಾಡುತ್ತಾರೆ. “ನೀನು ಬಾಯಿ ಮಾಡಕ್ಕಿಲ್ಲ ಲಕ್ಷ್ಮಕ್ಕ, ಆದ್ರೂ ಓಡಿಸ್ಬುಡ್ತೀಯ,” ಎಂದು ಗೊಣಗುತ್ತಾರೆ. ಸಂಜೆಯ ಹೊತ್ತಿಗೆ ಚನ್ನರಾಯಪಟ್ಟಣದ ಹೆಂಗಸು ಆ ಮಂಚಕ್ಕೆ ಬರುತ್ತಾರೆ. ಲಕ್ಷ್ಮಕ್ಕ ಅವರ ಮಗಳ ಹತ್ತಿರ ಹೋಗಿ ಮೊದಲು ಏನು ಕೇಳಿದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಂಥ ಸಂಗತಿಗಳು ಎಲ್ಲ ಸಲವೂ ಹೀಗೆ ಮುಗಿಯುವುದಿಲ್ಲ. ಹೇಳಿದರೂ ಕೇಳದವರಿದ್ದಾರೆ, ಕೇಳಿದರೂ ಮಂಚವಿಲ್ಲದ ದಿನಗಳಿವೆ. ಆಗ ಲಕ್ಷ್ಮಕ್ಕ ಮನೆಯವರನ್ನು ಕರೆದು, ಎತ್ತುವುದು ಹೇಗೆ, ಕೂರಿಸುವುದು ಹೇಗೆ, ಮೊಣಕಾಲು ಯಾವಾಗ ಮಡಿಸಬೇಕು ಎಂದು ತೋರಿಸಿಕೊಟ್ಟು ಕಳಿಸುತ್ತಾರೆ. ಶುಕ್ರವಾರ ಬಿಡುವಾದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಮುಂದೆ ಅವರೆಲ್ಲರ ಊರಿನ ಹೆಸರು ಹೇಳಿ ಬರುತ್ತಾರೆ. ರೋಗಿಗಳ ಹೆಸರು ಮರೆತುಹೋಗುತ್ತದಂತೆ. “ಊರು ಯೋಳಿದ್ರೆ ಸಾಕು, ಅವ್ಳಿಗೆ ಮನೆ ಗೊತ್ತು.”

ಗುರುವಾರ ಬೆಳಗ್ಗೆ ಮತ್ತೆ ಗಂಟೆ. ಲಕ್ಷ್ಮಕ್ಕ ಎಂದಿನಂತೆ ಬೆಂಚಿಗೆ. ಒಳಗೆ ತಮ್ಮಯ್ಯ ಇವತ್ತು ಮಲಗಿಲ್ಲ, ವಾಕರ್ ಹಿಡಿದು ನಿಂತಿದ್ದಾರೆ, ಮೀಸೆ ಬಾಚಿದೆ. ನಿನ್ನೆ ಮೆಟ್ಟಿಲು ಹತ್ತಿ ಇಳಿದದ್ದಾಗಿದೆ. ಕಮೋಡ್ ಕುರ್ಚಿ ಊರಿನ ಮನೆಯ ನಡುಮನೆಗೆ ಬಂದು ಕೂತಿದೆ. ಡಾಕ್ಟರು ಹೇಗಿದ್ದೀರಿ ಎಂದು ಕೇಳುತ್ತಾರೆ. ತಮ್ಮಯ್ಯ ಕೈ ಜೋಡಿಸಲು ಹೋಗಿ, ವಾಕರ್ ಬಿಡಬಾರದೆಂದು ನೆನಪಾಗಿ ಮತ್ತೆ ಹಿಡಿಯುತ್ತಾರೆ.

“ತಲೆ ಸುತ್ತಕಿಲ್ಲ ಸಾ. ಆದ್ರೆ ಎಡಗಾಲು ಮೆಟ್ಲು ಇಳೀವಾಗ ನೋಯ್ತದೆ. ಬೆಳಗ್ಗೆ ಒಸಿ, ಸಂಜೆ ಜಾಸ್ತಿ.”

ಡಾಕ್ಟರು ಬಗ್ಗಿ ಎಡಗಾಲನ್ನು ಮುಟ್ಟಿ ನೋಡುತ್ತಾರೆ. ಗಾಜಿನ ಆಚೆ ಲಕ್ಷ್ಮಕ್ಕನಿಗೆ ಮಾತು ಕೇಳಿಸುವುದಿಲ್ಲ. ಆದರೆ ಡಾಕ್ಟರು ಬಗ್ಗಿದ್ದು ಕಾಣುತ್ತದೆ. “ಯೋಳ್ದ ಕಣ,” ಎಂದು ತಮ್ಮಷ್ಟಕ್ಕೆ ಅಂದುಕೊಂಡು ಬೆಂಚಿಗೆ ಒರಗುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಸಂಬಳದ ಮಾತಾಗಲಿ, ಸನ್ಮಾನದ ಮಾತಾಗಲಿ ಅವರ ಬಾಯಿಗೆ ಬರುವುದಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಾ ಹೇಳುತ್ತಾರೆ:

“ಡಾಕ್ಟ್ರು ಬಂದಾಗ ನನ್ನೂ ಒಳಗೆ ಬುಟ್ರೆ ಸಾಕು. ಮಾತಾಡಾಕಲ್ಲ, ಒಂದು ಮೂಲೇಲಿ ನಿಂತ್ಕೊಳಾಕೆ. ನಾನು ನಿಂತಿದ್ರೆ, ‘ಚೆನ್ನಾಗಿದೀನಿ’ ಅಂತ ಸುಳ್ಳೇಳಾಕೆ ಅವ್ರಿಗೆ ಬಾಯಿ ಬರಕಿಲ್ಲ.”