ನಮ್ಮೂರ ಜನರಲ್

ಬಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸೀನು ಬರುತ್ತದೆ. ಮೊನ್ನೆ ಸಾಸಲು ಕಡೆಯ ನಮ್ಮೂರ ಬಸ್ ನಿಲ್ದಾಣದಲ್ಲಿ ಸೀನುತ್ತ ನಿಂತಿದ್ದಾಗ, ಅಲ್ಲಿ ಹೊಸ ಬಣ್ಣ ಬಳಿಯುತ್ತಿದ್ದ ಪೇಂಟರ್ ಮಾಸಿದ ಹಳೆಯ ಫಲಕ ತೋರಿಸಿ ಕೇಳಿದ: "ಮೇಷ್ಟ್ರೇ, ‘ಜನರಲ್ ಚಿಕ್ಕಣ್ಣ, ಯುದ್ಧದಲ್ಲಿ ವೀರಮರಣ’ ಅಂತೈತೆ. ಹಿಂಗೇ ಬರೀಲಾ?"

ಆ ಪದವಿ ಕೊಟ್ಟವನು ನಾನೇ ಎಂದು ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ಆಗ ನಾನು ಊರಿನ ಶಾಲೆಯಲ್ಲಿ ಮೇಷ್ಟ್ರು. ನನಗೆ ಇಂಗ್ಲಿಷ್ ಬರುತ್ತದೆಂದು ಊರೂ ನಂಬಿತ್ತು, ನಾನೂ ನಂಬಿದ್ದೆ. ಚಿಕ್ಕಣ್ಣ ಸೈನ್ಯ ಸೇರಿದ ಹೊಸತರಲ್ಲಿ ಅವನ ಹೆಂಡತಿ ಗೌರಮ್ಮ ಓದಿಸಲು ಒಂದು ಕಾಗದ ತಂದಳು. ಅದರಲ್ಲಿ ‘ಸೋಲ್ಜರ್, ಜನರಲ್ ಡ್ಯೂಟಿ’ ಎಂದಿತ್ತು. "ಜನರಲ್ ಕೆಲ್ಸ ಕೊಟ್ಟವ್ರಮ್ಮ" ಎಂದೆ. ಸಂಜೆ ಹಾಲಿನ ಡೇರಿಯಲ್ಲಿ ಕ್ಯಾನು ತುಂಬುವ ಮೊದಲೇ ಸುದ್ದಿ ಊರು ತುಂಬಿತು.

ರಜೆಗೆ ಬಂದಾಗ ಚಿಕ್ಕಣ್ಣ, "ಲೇ, ನಾನು ಬರೀ ಸಿಪಾಯಿ ಕಣ್ರೋ" ಎಂದು ನಗುತ್ತಿದ್ದ. ದೊಡ್ಡ ಮನುಷ್ಯನಿಗೆ ಎಷ್ಟು ವಿನಯ ಎಂದು ಡೇರಿ ಮುಂದಿನ ಜನ ಮೆಚ್ಚಿದರು. ಅವನು ರಾಗಿ ಹೊಲಕ್ಕೆ ಗೊಬ್ಬರ ಹೊತ್ತರೆ ಅದೂ ವಿನಯವೇ. ಮೂರನೆಯ ರಜೆಗೆ ಅವನು ಬರಲಿಲ್ಲ. ಯುದ್ಧ ಶುರುವಾಗಿತ್ತು, ಬಾವುಟ ಹೊದಿಸಿದ ಪೆಟ್ಟಿಗೆ ಬಂತು. ನಿಲ್ದಾಣದಲ್ಲಿ ಅವನ ನೆನಪಿಗೆ ಹಾಕಿದ ಫಲಕಕ್ಕೆ ಒಕ್ಕಣೆ ಬರೆದುಕೊಟ್ಟವನೂ ನಾನೇ.

ಎಷ್ಟೋ ವರ್ಷಗಳ ಮೇಲೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ನಿವೃತ್ತ ಹವಾಲ್ದಾರರೊಬ್ಬರು ಮಾತಿನ ನಡುವೆ ಹೇಳಿದರು: ಜನರಲ್ ಡ್ಯೂಟಿ ಎಂದರೆ ಸಾಮಾನ್ಯ ಸಿಪಾಯಿಯ ಕೆಲಸ. ನಾನು ಇಳಿಯಬೇಕಾದ ಊರು ದಾಟಿದ್ದೂ ತಿಳಿಯಲಿಲ್ಲ. ಆದರೂ ಯಾರಿಗೂ ಬಾಯಿ ಬಿಡಲಿಲ್ಲ. ಗೌರಮ್ಮನಿಗೆ ಉಳಿದಿರುವುದು ಆ ಒಂದು ಪದವಿ, ಅದನ್ನೂ ಕಿತ್ತುಕೊಳ್ಳುವುದೇ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಇಂಗ್ಲಿಷಿನ ಮಾನವೂ ಅದರಲ್ಲಿತ್ತು.

ಪೇಂಟರನಿಗೆ ಕಾಯಲು ಹೇಳಿ ಗೌರಮ್ಮನ ಮನೆಗೆ ಹೋದೆ. ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಡವರಿಸುತ್ತ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತು ಮೇಷ್ಟ್ರೇ. ಮೊದಲ್ನೇ ರಜದಲ್ಲೇ ಅವ್ರು ಹೇಳಿದ್ರು. ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ."

"ಈಗ ಏನಂತ ಬರೆಸ್ಲಮ್ಮ?"

"ಸಿಪಾಯಿ ಅಂತ ಬರೆಸಿ. ಊರೆಲ್ಲ ಜನರಲ್ ಸತ್ರು ಅಂತ ಅತ್ತಿದ್ದು. ನಮ್ಮನೆಯೋರು ಹೋದ್ರು ಅಂತ ಅತ್ತಿದ್ದು ನಾನೊಬ್ಳೇ."

ನಾನೂ ಅಂದು ಜನರಲ್‌ಗಾಗಿಯೇ ಅತ್ತಿದ್ದೆ. ನಿಲ್ದಾಣಕ್ಕೆ ಹಿಂತಿರುಗಿ ‘ಸಿಪಾಯಿ ಚಿಕ್ಕಣ್ಣ’ ಎನ್ನಲು ಹೋದರೆ ಒಂದರ ಮೇಲೊಂದು ಸೀನು ಬಂತು. ಪೇಂಟರ್ ಬ್ರಶ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟೆ.