ಬೀಳಗಿ ಬಸ್ಸಿಗೆ ಬಂದ ಬುತ್ತಿ

ದೆವ್ವ, ಗಾಳಿ, ಸತ್ತವರು ಕಾಣಿಸಿಕೊಳ್ಳುವುದು, ಇಂಥ ಮಾತು ಬಂದರೆ ಮೊದಲು ನಗುತ್ತಿದ್ದವಳು ನಾನು. ಡಿಗ್ರಿ ಓದುವಾಗ ಗೆಳತಿಯರು ಯಾರಾದರೂ ಇಂಥ ಕಥೆ ಶುರು ಮಾಡಿದರೆ, "ನೀ ಕಣ್ಣಾರೆ ಕಂಡೀಯೇನ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಅಂಥ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡುತ್ತಾರೆ, ಈಕೆ ಈಗ ಜಗಳಕ್ಕೆ ಬೀಳುತ್ತಾಳೆ ಎಂದು. ನಾನು ಸುಮ್ಮನೆ ಚಹಾ ಕುಡಿಯುತ್ತ ಕೂಡುತ್ತೇನೆ. ಅದಕ್ಕೆ ಕಾರಣ ಏನೆಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನೀವು ಅಮಾವಾಸ್ಯೆ, ಸ್ಮಶಾನ ಅಂತೆಲ್ಲ ನಿರೀಕ್ಷೆ ಇಟ್ಟುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಇದು ನಡೆದದ್ದು ಬೆಳಗಿನ ಒಂಬತ್ತು ಗಂಟೆಗೆ, ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ, ನೂರಾರು ಮಂದಿಯ ನಡುವೆ.

ಜಮಖಂಡಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಾಗ ನಮ್ಮ ಮನೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ. ಹುಡುಗಿ ಎಲ್ಲಿ ಇರಬೇಕು? ನಮ್ಮದು ಬೀಳಗಿ ಕಡೆಯ ಊರು, ದಿನಾ ಹೋಗಿ ಬರುವಷ್ಟು ಹತ್ತಿರವಲ್ಲ. ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅಪ್ಪನಿಗೆ ಅದು ಒಳ್ಳೆಯದೇ ಆಯಿತು. ಮಹಾಲಿಂಗಪುರದಲ್ಲಿ ಅವನ ತಂಗಿ, ಅಂದರೆ ನನ್ನ ಸೋದರತ್ತೆ ಇದ್ದಳು. ಅಲ್ಲಿದ್ದುಕೊಂಡು ಬಸ್ಸಿಗೆ ಓಡಾಡಲಿ ಎಂದ. ಅತ್ತೆಗೆ ಬೆಲ್ಲದ ವ್ಯಾಪಾರ ಮಾಡುವ ಒಬ್ಬ ಮಗನಿದ್ದ. ಕೆಟ್ಟವನೇನಲ್ಲ, ಪಾಪ. ಆದರೆ ಆ ಮನೆಗೆ ಒಮ್ಮೆ ಪೆಟ್ಟಿಗೆ ಇಳಿಸಿದರೆ ನಾನು ಸೊಸೆಯಾಗಿಯೇ ಉಳಿಯುತ್ತೇನೆ, ಓದು ಅಲ್ಲಿಗೇ ಮುಗಿಯುತ್ತದೆ ಎನ್ನುವುದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳಲಿಲ್ಲ.

ನಾನು ಜಮಖಂಡಿಯಲ್ಲಿ ರೂಮ್ ಮಾಡುತ್ತೇನೆ ಎಂದೆ. ಅಪ್ಪ ಬೈಯಲಿಲ್ಲ. ಅವನ ಸಿಟ್ಟು ಯಾವಾಗಲೂ ತಣ್ಣಗೇ ಇರುತ್ತಿತ್ತು.

"ಮಾಡು. ಆದ್ರ ನಮ್ಮ ಮನಿಯಿಂದ ಬುತ್ತಿ ಬರೂದಿಲ್ಲ ನೋಡು" ಎಂದ.

ನಮ್ಮ ಕಡೆಯವರಿಗೆ ಈ ಮಾತಿನ ಪೆಟ್ಟು ತಿಳಿಯುತ್ತದೆ. ಊರು ಬಿಟ್ಟು ಓದುವ ಮಕ್ಕಳಿಗೆ ಮನೆಯವರು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ ಚಟ್ನಿ ಸಮೇತ ಬುತ್ತಿ ಕಟ್ಟಿ ಬಸ್ಸಿನಲ್ಲಿ ಇಡುತ್ತಾರೆ. ಹುಡುಗರು ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮ ತಮ್ಮ ಊರಿನ ಬಸ್ಸಿನಿಂದ ಡಬ್ಬಿ ಇಳಿಸಿಕೊಳ್ಳುತ್ತಾರೆ. ಸಂಜೆ ತೊಳೆದ ಡಬ್ಬಿ ಅದೇ ಬಸ್ಸಿಗೆ ತಿರುಗಿ ಹೋಗುತ್ತದೆ. ಬುತ್ತಿ ಬರುತ್ತದೆ ಎಂದರೆ ನಿನ್ನ ಹಿಂದೆ ಒಂದು ಮನೆ ಇದೆ ಎಂದು ಅರ್ಥ. ಅವ್ವ ಇದ್ದಿದ್ದರೆ ಅಪ್ಪನ ಮಾತು ನಡೆಯುತ್ತಿರಲಿಲ್ಲ. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವ್ವ ತೀರಿಕೊಂಡಿದ್ದಳು. ಈಗ ಒಲೆ ಅಣ್ಣನ ಹೆಂಡತಿಯ ಕೈಯಲ್ಲಿತ್ತು, ಮಾತು ಅಪ್ಪನದಿತ್ತು.

ನನ್ನ ಜೊತೆ ರೂಮಿನಲ್ಲಿದ್ದವಳು ತೇರದಾಳದ ಪದ್ಮಾ. ಜೈನರ ಹುಡುಗಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವಳು. ಹಾಗಾಗಿ ರಾತ್ರಿ ನಾನೊಬ್ಬಳೇ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೆ. ಅವಳ ಬುತ್ತಿ ದಿನವೂ ಬರುತ್ತಿತ್ತು. ಮೊದಲನೇ ದಿನವೇ ಅವಳು, "ನಿಂದು ಯಾವ ಬಸ್ಸಿಗೆ ಬರತೈತಿ?" ಎಂದು ಕೇಳಿದಳು. ಮನೆಯವರು ಕಳಿಸುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಬೀಳಗಿ ಬಸ್ಸಿಗೆ ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಚೀಲದಲ್ಲಿ ಖಾಲಿ ಡಬ್ಬಿ ಮುಚ್ಚಿಟ್ಟುಕೊಂಡು ಅವಳ ಜೊತೆಗೇ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಅವಳು ತನ್ನ ಬಸ್ಸಿನ ಕಡೆ ಹೋದಾಗ ನಾನು ಬೀಳಗಿ ಬಸ್ಸಿನ ಹತ್ತಿರ ಹೋಗಿ, ದಪ್ಪ ಮೀಸೆಯ ಕಂಡಕ್ಟರನಿಗೆ, "ನಮ್ಮ ಬುತ್ತಿ ಬಂದೈತೇನ್ರಿ?" ಎನ್ನುತ್ತಿದ್ದೆ. ಅವನು ಸೀಟಿನ ಕೆಳಗೆ ಬಗ್ಗಿ ನೋಡಿ, "ಇಲ್ಲವಾ" ಎನ್ನುತ್ತಿದ್ದ. ಆಮೇಲೆ ಹಿಂದಿನ ಓಣಿಯಲ್ಲಿ ರೊಟ್ಟಿ ಮಾರುವ ಹೆಂಗಸಿನ ಹತ್ತಿರ ರೊಟ್ಟಿ ಕೊಂಡು ಡಬ್ಬಿಗೆ ತುಂಬಿಕೊಂಡು ರೂಮಿಗೆ ಬರುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಪದ್ಮಾ ಜೊತೆಗಿಲ್ಲದ ದಿನವೂ ನಾನು ಹೋಗಿ ಕೇಳುತ್ತಿದ್ದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೆ. ಆ ಕಂಡಕ್ಟರ್ ಬಗ್ಗಿ ನೋಡುವ ಅಷ್ಟು ಹೊತ್ತು ನನಗೆ ಏನೋ ಒಂದು ಸಮಾಧಾನ ಇರುತ್ತಿತ್ತು.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಜೈನರ ದಶಲಕ್ಷಣ ಪರ್ವಕ್ಕೆ ಪದ್ಮಾ ಊರಿಗೆ ಹೋದಳು. ಅವಳು ಹೋದ ಮರುದಿನವೇ ನನಗೆ ಜ್ವರ ಬಂತು. ತಗಡಿನ ಸೂರಿನ ಆ ರೂಮಿನಲ್ಲಿ ಮೂರು ದಿನ ಮಲಗಿದ್ದೆ. ಮನೆಯಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ, ಹಟ. ನೀರು ಬೇಕೆಂದರೆ ನಾನೇ ಏಳಬೇಕು. ಒಂದು ಮಧ್ಯಾಹ್ನ ಎದ್ದು ಕುಳಿತು, ಸತ್ತರೂ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಅತ್ತುಬಿಟ್ಟೆ. ನಾಲ್ಕನೇ ದಿನ ಜ್ವರ ಇಳಿಯಿತು, ಅದರ ಜೊತೆಗೆ ಹಟವೂ ಇಳಿಯಿತು. ಬಟ್ಟೆ ಪುಸ್ತಕ ಎಲ್ಲ ಚೀಲಕ್ಕೆ ತುಂಬಿದೆ. ಮಹಾಲಿಂಗಪುರಕ್ಕೆ ಹೋಗಿಬಿಡುವುದು, ಅತ್ತೆ ಹೇಳಿದಂತೆ ಕೇಳುವುದು ಎಂದು ನಿರ್ಧಾರ ಮಾಡಿ ಬಸ್ ಸ್ಟ್ಯಾಂಡಿಗೆ ಬಂದೆ.

ಬೀಳಗಿ ಬಸ್ಸು ಆಗಲೇ ಬಂದು ನಿಂತಿತ್ತು. ಅವತ್ತು ನಾನು ಕೇಳಲು ಹೋಗಲಿಲ್ಲ. ಕಂಡಕ್ಟರೇ ಕೂಗಿ ಕರೆದ.

"ಏ ತಂಗಿ, ಎಲ್ಲಿ ಹೊಂಟಿ? ನಿನ್ನ ಬುತ್ತಿ ಬಂದೈತಿ."

ನನ್ನದಲ್ಲ, ಬೇರೆ ಯಾರದೋ ಇರಬೇಕು ಎಂದೆ. ಅವನು ತಲೆ ಅಲ್ಲಾಡಿಸಿದ. "ನಿಂದ ಐತಿ. ಹಳೇ ಊರ ಕ್ರಾಸಿನ್ಯಾಗ ಒಬ್ಬಾಕಿ ಹೆಣ್ಮಗಳು ಕೈ ಮಾಡಿ ಬಸ್ ನಿಂದ್ರಿಸಿದ್ಳು. ದಿನಾ ಬುತ್ತಿ ಕೇಳಾಕ ಬರತಾಳಲ್ಲ ಹುಡುಗಿ, ಆಕಿ ಕೈಯಾಗ ಕೊಡ್ರಿ ಅಂದ್ಳು."

ನಾನು ದಿನಾ ಕೇಳುತ್ತಿದ್ದ ವಿಷಯ ನನ್ನನ್ನು ಮತ್ತು ಅವನನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪದ್ಮಾ ಕೂಡ ನಾನು ಡಬ್ಬಿ ಇಳಿಸಿಕೊಳ್ಳಲು ಹೋಗುತ್ತೇನೆ ಎಂದೇ ತಿಳಿದಿದ್ದಳು.

ಬೆಂಚಿನ ಮೇಲೆ ಕುಳಿತು ಬಿಚ್ಚಿದೆ. ಹಳೆಯ ಧೋತರದ ಅರಿವೆ, ಒಳಗೆ ಸ್ಟೀಲಿನ ಡಬ್ಬಿ. ಮನೆ ಪಾತ್ರೆಯ ಮೇಲೆ ಹೆಸರು ಕೊರೆಸಿರುತ್ತಾರೆ, ಇದರ ಮೇಲೆ ಇರಲಿಲ್ಲ. ಬಿಸಿ ಆರದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಜ್ವರದ ಬಾಯಿಗೆ ಅದು ಎಷ್ಟು ರುಚಿಯಾಗಿತ್ತೆಂದರೆ, ಯಾರು ಕಳಿಸಿದರು ಎಂದು ವಿಚಾರ ಮಾಡುವ ಮೊದಲೇ ಮೂರು ರೊಟ್ಟಿ ತಿಂದಿದ್ದೆ. ಎಲ್ಲಕ್ಕಿಂತ ಕೆಳಗೆ ಅಂಗೈಯಷ್ಟಗಲದ ಒಂದು ಪುಟ್ಟ ರೊಟ್ಟಿ ಇತ್ತು.

ಅವ್ವ ರೊಟ್ಟಿ ಬಡಿಯುವಾಗ ಕೊನೆಗೆ ಉಳಿಯುವ ಚೂರು ಹಿಟ್ಟನ್ನು ಹಾಗೇ ಬಿಡುತ್ತಿರಲಿಲ್ಲ. ಅದನ್ನು ಸಣ್ಣ ರೊಟ್ಟಿ ಮಾಡಿ ನನಗೆ ಕೊಡುತ್ತಿದ್ದಳು. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೂ ಅದು ತಪ್ಪಲಿಲ್ಲ. ಅವಳು ಹೋದ ಮೇಲೆ ಆ ರೊಟ್ಟಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಮಹಾಲಿಂಗಪುರದ ಬಸ್ಸು ಬಂತು, ಮಂದಿ ಹತ್ತಿದರು, ಬಸ್ಸು ಹೋಯಿತು. ನಾನು ಆ ಸಣ್ಣ ರೊಟ್ಟಿ ಕೈಯಲ್ಲಿ ಹಿಡಿದು ಕುಳಿತೇ ಇದ್ದೆ. ಆಮೇಲೆ ಅದನ್ನೂ ತಿಂದು, ಚೀಲ ಎತ್ತಿಕೊಂಡು ರೂಮಿಗೆ ತಿರುಗಿ ಹೋದೆ.

ಡಬ್ಬಿ ತೊಳೆದು, ಖಾಲಿ ಕಳಿಸಬಾರದೆಂದು ಒಂದು ತುಂಡು ಬೆಲ್ಲ ಹಾಕಿ, ಸಂಜೆ ಅದೇ ಕಂಡಕ್ಟರನ ಕೈಗೆ ಕೊಟ್ಟೆ. ಕ್ರಾಸಿನಲ್ಲಿ ಅವರು ನಿಂತಿದ್ದರೆ ಕೊಡಿ, ಹೆಸರು ಕೇಳಿಕೊಂಡು ಬನ್ನಿ ಎಂದೆ. ಮರುದಿನ ಬೆಳಿಗ್ಗೆ ಬಸ್ಸು ಬರುವ ಮೊದಲೇ ಹೋಗಿ ನಿಂತಿದ್ದೆ. ಬುತ್ತಿ ಇರಲಿಲ್ಲ.

"ಡಬ್ಬಿ ಇಸಗೊಂಡ್ಳವಾ. ಹೆಸರ ಕೇಳಿದ್ರ ಹೇಳಲಿಲ್ಲ. 'ಸಾಕಾತೇನು ಕೇಳ್ರಿ ಆಕಿನ್ನ' ಅಂದ್ಳು, ಅಷ್ಟ. ಇವತ್ತು ಸಂಜೀಕ ನಿಂತಿದ್ರ ಏನ ಹೇಳಲಿ?"

"ಸಾಕಾತು ಅಂತ ಹೇಳ್ರಿ" ಎಂದೆ.

ಅವತ್ತು ಸಂಜೆ ಅವನು ಅವಳಿಗೆ ಹಾಗೇ ಹೇಳಿದ. ಅದಾದ ಮೇಲೆ ಆ ಹೆಂಗಸು ಮತ್ತೆ ಕ್ರಾಸಿನಲ್ಲಿ ನಿಲ್ಲಲಿಲ್ಲ, ನನಗೆ ಬುತ್ತಿಯೂ ಬರಲಿಲ್ಲ.

ಆ ಭಾನುವಾರ ನಾನೇ ಹಳೇ ಊರ ಕ್ರಾಸಿಗೆ ಹೋಗಿ ಇಳಿದೆ. ಹಳೇ ಊರು ಅಂದರೆ ನಮ್ಮದೇ ಊರು. ನಾನು ಸಣ್ಣವಳಿದ್ದಾಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ನಮ್ಮನ್ನೆಲ್ಲ ಬೇರೆ ಕಡೆ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ಅವ್ವನಿಗೆ ಆ ಹೊಸ ಮನೆ ಕೊನೆಯವರೆಗೂ ಒಗ್ಗಲಿಲ್ಲ. ಕ್ರಾಸಿನಲ್ಲಿ ಒಂದು ಬೇವಿನ ಗಿಡ ಇದೆ. ಅಲ್ಲಿಂದ ಹಳೆಯ ರಸ್ತೆ ಸ್ವಲ್ಪ ದೂರ ಹೋಗಿ ನೀರಿನೊಳಗೆ ಇಳಿಯುತ್ತದೆ. ಮಳೆಗಾಲದ ಕೊನೆ, ನೀರು ತುಂಬಿತ್ತು. ಸುತ್ತ ಒಂದು ಗುಡಿಸಲೂ ಇಲ್ಲ, ಒಲೆಯ ಹೊಗೆಯೂ ಇಲ್ಲ. ಬಿಸಿ ರೊಟ್ಟಿ ಬಡಿದು ತರುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ. ತಿರುಗಿ ಹೋಗುವ ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದೆ.

ನಿಮಗೆ ಈಗ ಏನನಿಸುತ್ತಿದೆ ಎಂದು ನನಗೆ ಗೊತ್ತು. ಪಾಪದ ಕಂಡಕ್ಟರ್, ದಿನಾ ಬರಿಗೈಯಲ್ಲಿ ಹೋಗುವ ಹುಡುಗಿಯನ್ನು ನೋಡಲಾರದೆ ತನ್ನ ಹೆಂಡತಿಯ ಕೈಯಿಂದ ಬುತ್ತಿ ಮಾಡಿಸಿ ತಂದ. ನಾನೂ ಹಾಗೇ ಅಂದುಕೊಂಡು ಅವನನ್ನು ಕೇಳಿದೆ. "ನನ್ನ ಮಕ್ಕಳ ಮ್ಯಾಲೆ ಆಣಿ, ನಾ ತಂದಿಲ್ಲವಾ" ಎಂದ. ಮುಂದೆ ಅವನ ಡ್ಯೂಟಿ ಬೇರೆ ಕಡೆ ಬಿತ್ತು, ಮತ್ತೆ ಸಿಗಲಿಲ್ಲ. ಅತ್ತಿಗೆಯನ್ನೂ ಕೇಳಿದ್ದೇನೆ. "ನಾ ಕಳಿಸಿದ್ರ ಕದ್ದು ಯಾಕ ಕಳಸಲಿ, ನಿಮ್ಮ ಅಪ್ಪನ ಎದುರಿಗೇ ಕಳಸ್ತಿದ್ನಿ" ಎಂದು ನನ್ನ ಮೇಲೆಯೇ ಹರಿಹಾಯ್ದಳು. ಸಣ್ಣ ರೊಟ್ಟಿಯ ಮಾತು ಅವಳಿಗೆ ಗೊತ್ತೇ ಇಲ್ಲ. ಆ ರೂಮಿನಲ್ಲಿದ್ದುಕೊಂಡೇ ಎಂ.ಎಸ್ಸಿ. ಮುಗಿಸಿದೆ, ಅತ್ತೆಯ ಮಗ ಬೇರೆ ಹುಡುಗಿಯನ್ನು ಮದುವೆಯಾಗಿ ಸುಖವಾಗಿದ್ದಾನೆ.

ಅವ್ವ ನಮಗೆಲ್ಲ ಬಡಿಸಿ, ಒಬ್ಬೊಬ್ಬರನ್ನೇ "ಸಾಕಾತೇನ?" ಎಂದು ಕೇಳುತ್ತಿದ್ದಳು. ನಾವು ಸಾಕು ಎಂದ ಮೇಲೆಯೇ ಅವಳು ಎದ್ದು ಹೋಗುತ್ತಿದ್ದದ್ದು. ಬೇಕು ಎಂದರೆ ಅಲ್ಲೇ ಕೂಡುತ್ತಿದ್ದಳು. ಇದು ನನಗೆ ನೆನಪಾದದ್ದು ಆ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಾಗ. ಅಷ್ಟು ಹೊತ್ತಿಗೆ ಕಂಡಕ್ಟರ್ ನನ್ನ ಮಾತು ಮುಟ್ಟಿಸಿ ಆಗಿತ್ತು. ನನಗೆ ಸಾಕಾಗಿರಲಿಲ್ಲ.